ಇಬ್ಬರೂ ಹಿಡಿಯದ ವಿಮಾನ

ಹಾರಾಟ ಕಲಿಸುವ ಸಣ್ಣ ಟ್ರೇನಿಂಗ್ ವಿಮಾನದಲ್ಲಿ ಎರಡೇ ಸೀಟು... ಎರಡರ ಮುಂದೆಯೂ ವಿಮಾನ ನಡೆಸುವ ಒಂದೊಂದು ಸ್ಟಿಕ್. ಒಂದನ್ನು ಅಲ್ಲಾಡಿಸಿದರೆ ಇನ್ನೊಂದೂ ಅಲ್ಲಾಡುತ್ತದೆ.

ಅದಕ್ಕೇ ಅಲ್ಲೊಂದು ಪದ್ಧತಿ. ಕೈ ಬಿಡುವವರು "ಯು ಹ್ಯಾವ್ ಕಂಟ್ರೋಲ್" ಅನ್ನಬೇಕು, ಹಿಡಿಯುವವರು "ಐ ಹ್ಯಾವ್ ಕಂಟ್ರೋಲ್" ಅನ್ನಬೇಕು. ಭುಜಕ್ಕೆ ಭುಜ ತಾಗಿಸಿ ಕೂತಿದ್ದರೂ ಬಾಯಿಬಿಟ್ಟು ಅನ್ನಲೇಬೇಕು.

ಕ್ಯಾಪ್ಟನ್ ಗಲಗಲಿ ಎಷ್ಟೋ ವರ್ಷಗಳಿಂದ ಈ ಪಾಠ ಹೇಳಿಕೊಡುತ್ತಿದ್ದವರು. ಅವರ ಶಿಷ್ಯೆ ಶಿವಲೀಲಾಗೂ ಅದು ಬಾಯಿಪಾಠ.

ಆವತ್ತು ಶಿವಲೀಲಾ ಹಾರಿಸುತ್ತಿದ್ದಳು. ಲ್ಯಾಂಡಿಂಗ್ ಹೊತ್ತಿಗೆ ಅಡ್ಡಗಾಳಿ ಬೀಸಿ ವಿಮಾನ ವಾಲಿತು. ಕ್ಯಾಪ್ಟನ್ ಅವಸರದಲ್ಲಿ ತಮ್ಮ ಸ್ಟಿಕ್ ಹಿಡಿದರು... ಹೇಳಲಿಲ್ಲ.

ಸ್ಟಿಕ್ ತಾನಾಗಿ ಸರಿದದ್ದು ಕಂಡು 'ಸರ್ ಹಿಡಿದರು' ಅಂದುಕೊಂಡು ಶಿವಲೀಲಾ ಕೈಬಿಟ್ಟಳು... ಕೇಳಲಿಲ್ಲ.

ವಿಮಾನ ನೆಟ್ಟಗಾಯಿತು. 'ಹುಡುಗಿ ಹಿಡಿದಿದ್ದಾಳೆ' ಅಂದುಕೊಂಡು ಕ್ಯಾಪ್ಟನ್ ಕೂಡ ಕೈ ತೆಗೆದರು.

ನೆಲ ಹತ್ತಿರ ಬಂದಿತ್ತು. ವಿಮಾನ ಯಾರ ಕೈಯಲ್ಲೂ ಇರಲಿಲ್ಲ.

ನೆಲಕ್ಕೆ ಬಡಿದು, ಮುಂದಿನ ಚಕ್ರ ಮುರಿದು, ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿ, ಮೂಗು ಊರಿ ನಿಂತಿತು. ಶಿವಲೀಲಾಳ ಮಣಿಕಟ್ಟು ಮುರಿಯಿತು, ಕ್ಯಾಪ್ಟನ್ ಹಣೆಗೆ ಹೊಲಿಗೆ ಬಿತ್ತು. ಜೀವ ಉಳಿಯಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ. ಇಲ್ಲಿ ಜಗಳವೇ ಇರಲಿಲ್ಲ, ಆದರೂ ಕೂಸು ಬಡವಾಯಿತು.

ವಿಚಾರಣೆ ಶುರುವಾಯಿತು. ತಪ್ಪು ಅವಳದೆಂದಾದರೆ ಕಲಿಕೆ ಅಲ್ಲಿಗೇ ಮುಗಿಯುತ್ತಿತ್ತು. ಅವರದೆಂದಾದರೆ ಕಲಿಸುವ ಲೈಸೆನ್ಸ್ ಹೋಗುತ್ತಿತ್ತು. ಒಳಗೆ ನಡೆದದ್ದು ಅವರಿಬ್ಬರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ.

ಹಾಸ್ಟೆಲ್ ಗೆಳತಿ ಬುದ್ಧಿ ಹೇಳಿದಳು: "ವಿಮಾನ ಸರ್ ಕೈಯಾಗ ಇತ್ತು ಅಂತ ಹೇಳಿಬಿಡು. ಅವರು ಹೆಂಗೂ ರಿಟೈರ್ ಆಗಾವ್ರು. ನಿಂದು ಇನ್ನೂ ಶುರುನ ಆಗಿಲ್ಲ."

ಶಿವಲೀಲಾ ಪ್ಲಾಸ್ಟರ್ ಹಾಕಿದ ಕೈ ಎದೆಗೆ ಒತ್ತಿಕೊಂಡು ಅಧಿಕಾರಿಯ ಮುಂದೆ ಕೂತಳು. ತುಂಬಾ ಹೆದರಿದ್ದಳು.

"ಸರ್ ಹಿಡದಾರ ಅಂತ ತಿಳಕೊಂಡೆ ರೀ. ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನಂದ ರೀ."

ಅಧಿಕಾರಿ ಪೆನ್ನು ಕೆಳಗಿಟ್ಟರು.

"ನಿಮ್ಮ ಸರ್ ಈಗಷ್ಟ ಬಂದು ಹೋದ್ರು ನೋಡವ್ವ. 'ನಾನು ಹೇಳದನ ಹಿಡದೆ, ಹೇಳದನ ಬಿಟ್ಟೆ, ಹುಡುಗಿದು ಏನೂ ತಪ್ಪಿಲ್ಲ' ಅಂದ್ರು."

ಮತ್ತೆ ಹೇಳಿದರು: "ಮ್ಯಾಲೆ ಇದ್ದಾಗ ಇಬ್ಬರೂ ಹಿಡೀಲಿಲ್ಲ... ಕೆಳಗ ಬಂದ ಮ್ಯಾಲೆ ತಪ್ಪು ಇಬ್ಬರೂ ಬಿಡವಲ್ರಿ."

ಬಿದ್ದ ದಿನವೂ ಬಾರದಿದ್ದ ಅಳು ಶಿವಲೀಲಾಗೆ ಆಗ ಬಂತು.

ಇಬ್ಬರಿಗೂ ಎಚ್ಚರಿಕೆ ಸಿಕ್ಕಿತು. ಕೆಲವು ತಿಂಗಳು ಹಾರಾಟ ಬಂದ್. ಆಮೇಲೆ ಮತ್ತೆ ಅದೇ ಇಬ್ಬರು, ಅಕ್ಕಪಕ್ಕದ ಸೀಟು.

ಮೇಲೇರಿದ ಮೇಲೆ ಕ್ಯಾಪ್ಟನ್ ಎರಡೂ ಕೈ ಎತ್ತಿ ತೋರಿಸಿದರು. "ಯು ಹ್ಯಾವ್ ಕಂಟ್ರೋಲ್."

"ಐ ಹ್ಯಾವ್ ಕಂಟ್ರೋಲ್, ಸರ್."

"ಇನ್ನೊಮ್ಮೆ ಹೇಳವ್ವ, ಕೇಳಿಸಲಿಲ್ಲ."

ಕೇಳಿಸಿತ್ತು... ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

*ಜವಾಬ್ದಾರಿ ಕೈಯಿಂದ ಕೈಗೆ ಹೋಗುವಾಗ ನಡುವೆ ಒಂದು ಮಾತು ಇರಲಿ.*

ನಿಮ್ಮ ಮನೆಯಲ್ಲಿ 'ಅವರು ನೋಡ್ಕೋತಾರೆ ಬಿಡು' ಅಂತ ಇಬ್ಬರೂ ಕೈಬಿಟ್ಟಿರುವುದು ಏನು... ಇವತ್ತು ಒಮ್ಮೆ ಬಾಯಿಬಿಟ್ಟು ಕೇಳುತ್ತೀರಾ?