ಏಳು ಹಾಳೆ

ಲಿಂತಾಂಗ್ ಡೇರೆಯೊಳಗೆ ಕಾಲಿಟ್ಟಾಗ ಅಕ್ಕ ವೆನಿಂಗ್ ತಂಗಿಯ ರೇಸಿನ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು, ಅದಕ್ಕೆ ಅಂಟಿಸಿದ್ದ ಹಾಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದಳು.

"ಏನ್ ಮಾಡ್ತಿದ್ದೀಯ?"

ವೆನಿಂಗ್ ಬೆಚ್ಚಿದಳು. "ಮೋಡ ಕಟ್ಟಿದೆ. ಮತ್ತೆ ಹಾಕ್ತಿದ್ದೀನಿ."

"ಬೆಳಿಗ್ಗೇನೇ ಹಾಕಿದ್ಯಲ್ಲ?"

"ಹಾಕಿದ್ದೆ. ಹೋಗು, ಬೂಟು ಕಟ್ಕೋ."

ಕೆಸರಿನ ಬೈಕ್ ರೇಸಿನಲ್ಲಿ ಕನ್ನಡಕವೇ ಕಣ್ಣು. ಗಾಜಿನ ಮೇಲೆ ಏಳು ತೆಳು ಪಾರದರ್ಶಕ ಹಾಳೆ. ಕೆಸರು ಮೆತ್ತಿದಾಗ ಹಾಳೆಯ ತುದಿಗೆ ಚಾಚಿದ ಪುಟ್ಟ ಕಿವಿ ಹಿಡಿದು ಎಳೆದರೆ ಒಂದು ಹಾಳೆ ಹೋಗುತ್ತದೆ, ದಾರಿ ಮತ್ತೆ ಕಾಣುತ್ತದೆ. ಆ ಏಳು ಹಾಳೆ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ರೇಸ್ ಇದೆ.

ಹೊರಗೆ ಸೆಕಾರ್ ತನ್ನ ಬೈಕಿನ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ಬಿಡಿಸುತ್ತಿದ್ದಳು. ಲಿಂತಾಂಗ್‌ಗೆ ಎದುರಾಳಿ ಅಂತ ಇದ್ದವಳು ಅವಳೊಬ್ಬಳೇ.

"ನಿಮ್ಮಕ್ಕ ದೇವತೆ ಕಣೇ. ಅವಳ ಜಾಗದಲ್ಲಿ ನಾನಾಗಿದ್ರೆ ನಿನ್ನ ಪೆಟ್ರೋಲಿಗೆ ಸಕ್ಕರೆ ಸುರಿದುಬಿಡ್ತಿದ್ದೆ."

ಸೆಕಾರ್ ನಕ್ಕಳು. ಲಿಂತಾಂಗ್‌ಗೆ ನಗು ಬರಲಿಲ್ಲ.

ಬಿದಿರಿನ ಅಟ್ಟಣಿಗೆಯ ಮೇಲೆ ಸುರಬಾಯಾ ನಗರದ ರೇಸ್ ತಂಡದ ಇಬ್ಬರು ಕೊಡೆ ಹಿಡಿದು ಕೂತಿದ್ದರು. ಹುಡುಗಿಯರಿಗೆ ಅವರಲ್ಲಿ ಒಂದೇ ಜಾಗ. ಇವತ್ತು ಗೆದ್ದವಳಿಗೆ ಹೊಸ ಬೈಕು, ತಿಂಗಳ ಸಂಬಳ; ಸೋತವಳಿಗೆ ಮತ್ತೆ ಕಬ್ಬಿನ ಗದ್ದೆ. ಎರಡು ವರ್ಷದ ಹಿಂದೆ ಆ ಜಾಗ ವೆನಿಂಗ್‌ಳದಾಗಬೇಕಿತ್ತು. ಹೀಗೇ ಮೋಡ ಕಟ್ಟಿ ಮಳೆ ಸುರಿದ ದಿನ, ಗೆಲ್ಲುತ್ತಿದ್ದ ರೇಸಿನಲ್ಲಿ, ದೊಡ್ಡ ದಿಬ್ಬದ ಬಳಿ ಬಿದ್ದಳು. ಬಲ ಮಂಡಿ ಮೂರು ಚೂರು. "ಚಕ್ರ ಜಾರಿತು" ಎಂದಳು, ಅಷ್ಟೇ. ಆಮೇಲೆ ಆ ಮಾತೇ ಎತ್ತಲಿಲ್ಲ.

ಆಗ ಲಿಂತಾಂಗ್‌ಗೆ ಹದಿನೈದು. ಅಕ್ಕನ ಬೂಟು ತೊಳೆಯುವುದು, ಚೈನಿಗೆ ಎಣ್ಣೆ ಬಿಡುವುದು, ಹಾಳೆ ಅಂಟಿಸುವುದು, ಅಂಗಿ ಒಣಹಾಕುವುದು ಎಲ್ಲ ಅವಳದೇ. ಬಿದ್ದ ದಿನದಿಂದ ಎಲ್ಲ ತಿರುವುಮುರುವಾಯಿತು. ಬೈಕು ತಂಗಿಗೆ ಬಂತು, ಚಾಕರಿ ಅಕ್ಕನಿಗೆ ಹೋಯಿತು.

ಜೊತೆಗೆ ಕಾಟವೂ ಬಂತು. ಕಬ್ಬು ಕಡಿದ ಗದ್ದೆಯಲ್ಲಿ ದಿನಕ್ಕೆ ಮೂವತ್ತು ಸುತ್ತು. ವೆನಿಂಗ್ ಊರುಗೋಲಿಗೆ ಒರಗಿ ನಿಂತು ಗಡಿಯಾರ ನೋಡುತ್ತಿದ್ದಳು.

"ಮಂಡಿಯಲ್ಲಿ ಟ್ಯಾಂಕ್ ಹಿಂಡು! ಹ್ಯಾಂಡಲ್‌ಗೆ ಜೋತು ಬೀಳ್ತೀಯಲ್ಲ, ಅದೇನು ಹುಣಸೆ ಕೊಂಬೇನಾ?"

ಅಂಗೈಯ ಬೊಕ್ಕೆ ಒಡೆದು ರಕ್ತ ಬಂದರೆ ಬಟ್ಟೆ ಸುತ್ತಿ, "ಇನ್ನೂ ಹತ್ತು" ಎನ್ನುತ್ತಿದ್ದಳು. ತಂಗಿ ಕರಿದ ಸೋಯಾ ತೆಂಪೆಯ ಇನ್ನೊಂದು ತುಂಡಿಗೆ ಕೈ ಚಾಚಿದರೆ ತಟ್ಟೆ ಎಳೆದುಕೊಳ್ಳುತ್ತಿದ್ದಳು. ಮತ್ತೆ ಒಂದೇ ಒಂದು ಕಟ್ಟಪ್ಪಣೆ: "ಕನ್ನಡಕಕ್ಕೆ ಮಾತ್ರ ನೀನು ಕೈ ಹಾಕಬೇಡ."

ಯಾಕೆ ಎಂದು ಲಿಂತಾಂಗ್ ಕೇಳಿರಲಿಲ್ಲ. ಇವತ್ತು ಸೆಕಾರ್‌ಳ ಸಕ್ಕರೆಯ ಮಾತು ಕೇಳಿದ ಮೇಲೆ ಅದು ತಾನಾಗಿಯೇ ಹೊಳೆದಂತಾಯಿತು.

ಸ್ವಲ್ಪ ಹೊತ್ತಿಗೆ ವೆನಿಂಗ್ ಕುಂಟುತ್ತ ಬಂದು ಕನ್ನಡಕ ಕೊಟ್ಟಳು. "ಏಳು ಹಾಳೆ ಇದೆ. ಎಣಿಸಿದ್ದೀನಿ."

"ಸರಿ ಅಕ್ಕ."

ಲಿಂತಾಂಗ್ ಅದನ್ನು ಚೀಲದ ತಳಕ್ಕೆ, ಒಗೆಯದ ಅಂಗಿಯ ಕೆಳಗೆ ತುರುಕಿದಳು. ಅಭ್ಯಾಸಕ್ಕೆ ಹಾಕುತ್ತಿದ್ದ ತನ್ನ ಹಳೆಯ ಕನ್ನಡಕವನ್ನೂ ಹೊಸ ಹಾಳೆಗಳ ಕಟ್ಟನ್ನೂ ಹಿಡಿದು ಲಾರಿಯ ಮರೆಗೆ ಹೋದಳು. ಏಳು ಹಾಳೆ ಒಂದರ ಮೇಲೊಂದು ಕೂರಿಸಿದಳು. ಏಳು ಕಿವಿಗಳೂ ಒಂದೇ ಸಮ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಎರಡು ವರ್ಷವಾಗಿದ್ದರೂ ಕೈ ಮರೆತಿರಲಿಲ್ಲ.

ರೇಸ್ ಶುರುವಾಗುವ ಗೇಟು ಬೀಳುವ ಹೊತ್ತಿಗೆ ಮಳೆ ಸುರಿಯುತ್ತಿತ್ತು. ಮೊದಲ ತಿರುವಿನಲ್ಲಿ ಸೆಕಾರ್ ಮುಂದೆ, ಲಿಂತಾಂಗ್ ಬೆನ್ನಿಗೆ. ಎರಡನೇ ಸುತ್ತಿನಲ್ಲಿ ಒಳದಾರಿ ತೆರೆಯಿತು. ದೊಡ್ಡ ದಿಬ್ಬಕ್ಕೆ ಮುಂಚೆ ನುಗ್ಗಿದರೆ ರೇಸ್ ತನ್ನದು. ಸೆಕಾರ್‌ಳ ಹಿಂಚಕ್ರ ಮೊಗೆದು ಎಸೆದ ಕೆಸರು ಕನ್ನಡಕ ತುಂಬ ಬಡಿಯಿತು. ಲಿಂತಾಂಗ್ ಎಡಗೈ ಎತ್ತಿ ಕಿವಿ ಹಿಡಿದು ಎಳೆದಳು.

ಕೈಗೆ ಬಂದದ್ದು ದಪ್ಪಗಿತ್ತು. ಎಸೆಯಲು ಹೊತ್ತಿರಲಿಲ್ಲ, ಹ್ಯಾಂಡಲ್‌ನೊಂದಿಗೇ ಅದನ್ನೂ ಹಿಡಿದಳು. ಮುಂದಿನ ಕೆಸರು ಬರಿ ಗಾಜಿಗೆ ಬಿತ್ತು. ಮತ್ತೆ ಕೈ ಎತ್ತಿದಾಗ ಎಳೆಯಲು ಏನೂ ಇರಲಿಲ್ಲ. ಕಂದು ಕತ್ತಲೆಯಲ್ಲಿ ದಿಬ್ಬ ಹತ್ತಿದಳು.

ಬಿದ್ದ ಹೊಡೆತಕ್ಕೆ ಹೆಗಲಿನ ಕಾಲರ್ ಮೂಳೆ ಮುರಿದಿತ್ತು. ಅವಳನ್ನು ಡೇರೆಗೆ ತಂದು ಮಲಗಿಸಿದರು. ಅಪ್ಪ ತುಕಿರಾನ್ ಬೋಳು ಕನ್ನಡಕವನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಾಳೆ ಹಾಕುವವರು ಯಾರೆಂದು ಮೈದಾನಕ್ಕೆಲ್ಲ ಗೊತ್ತು.

"ನಿನ್ನ ಹೊಟ್ಟೆಕಿಚ್ಚಿಗೆ ಬೆಂಕಿ ಬೀಳ! ನಿನಗೆ ಸಿಗಲಿಲ್ಲ ಅಂತ ಇವಳದನ್ನೂ ಕಿತ್ಕೊಂಡ್ಯಲ್ಲೇ!"

ಕೆನ್ನೆಗೆ ಬಿದ್ದ ಏಟಿನ ಸದ್ದು ಡೇರೆಯ ಆಚೆಗೂ ಕೇಳಿಸಿತು. ವೆನಿಂಗ್ ತಂಗಿಯ ಕಡೆ ನೋಡಿದಳು. ಲಿಂತಾಂಗ್ ಬಾಯಿ ತೆರೆದಳು. ಮುಚ್ಚಿದಳು. ಕಣ್ಣನ್ನೂ ಮುಚ್ಚಿಕೊಂಡಳು.

ಅಪ್ಪ ಗಾಡಿ ತರಲು ಹೋದರು. ಆಚೆ ಕೊಡೆ ಹಿಡಿದ ಇಬ್ಬರೂ ಸೆಕಾರ್‌ಳ ಕೈ ಕುಲುಕುತ್ತಿದ್ದರು.

ವೆನಿಂಗ್ ಒಣ ಅಂಗಿಗಾಗಿ ಚೀಲ ತಡಕಿದಳು. ತಳದಲ್ಲಿ ಅವಳ ಕೈಗೆ ಕನ್ನಡಕ ಸಿಕ್ಕಿತು. ಒಂದು ಹನಿ ಕೆಸರಿಲ್ಲ. ಏಳು ಕಿವಿಗಳು ಮೆಟ್ಟಿಲಂತೆ ಒಂದಕ್ಕಿಂತ ಒಂದು ಹಿಂದೆ ಸರಿದು, ಒಂದು ಎಳೆತಕ್ಕೆ ಒಂದೇ ಬರುವಂತೆ ಮಡಚಿ ಕೂತಿದ್ದವು. ತಾನು ಎಣಿಸಿ ಕೊಟ್ಟದ್ದೇ.

ಆಮೇಲೆ ಮಂಚದ ಬಳಿ ಕೂತು ತಂಗಿಯ ಎಡಗೈ ಮುಷ್ಟಿಯನ್ನು ಬೆರಳು ಬೆರಳಾಗಿ ಬಿಡಿಸಿದಳು. ಒಳಗೆ ಏಳು ಹಾಳೆ, ಮುದುಡಿ ಒಂದೇ ಉಂಡೆಯಾಗಿದ್ದವು. ಕಿವಿಗಳು ಮಾತ್ರ ಇನ್ನೂ ಒಂದೇ ಸಮ.

"ಅಕ್ಕ, ನಾನು... ನಿನ್ನ ಮೇಲೆ..."

ವೆನಿಂಗ್ ಅವಳ ರೆಪ್ಪೆಯ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದಳು.

"ನಾನು ಬಿದ್ದ ದಿನ ನನ್ನ ಕನ್ನಡಕಕ್ಕೂ ನೀನು ಹೀಗೇ ಹಾಕಿದ್ದೆ, ಪುಟ್ಟಿ."