ಐವತ್ತು ಸಾವಿರದೊಳಗೊಂದು ಸ್ಟೇರಿಂಗು

ಗ್ರಾಫಿಕ್ಸ್ ಕಾರ್ಡ್ ಎಂಬ ಸಾಲಿನ ಮೇಲೆ ದೊಡ್ಡಬಸಪ್ಪ ಮೂರನೆಯ ಸಲವೂ ಅಡ್ಡಗೆರೆ ಎಳೆದಾಗ ಸುಶಮೀಂದ್ರನ ತಾಳ್ಮೆ ಕೆಟ್ಟಿತು. ಬಳ್ಳಾರಿಯಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದ ಅವನ ಅಂಗಡಿಗೆ ಗೇಮ್ ಆಡುವ ಕಂಪ್ಯೂಟರ್ ಬೇಕೆಂದು ಬಂದವರೆಲ್ಲ ಮೊದಲು ಕೇಳುತ್ತಿದ್ದುದೇ ಆ ಕಾರ್ಡನ್ನು. ಪರದೆಯ ಮೇಲೆ ಚಿತ್ರ ಸರಾಗವಾಗಿ ಓಡಬೇಕೆಂದರೆ ಅದು ಬೇಕೇ ಬೇಕು. ಈ ಮನುಷ್ಯ ಅದನ್ನೇ ಹೊಡೆದುಹಾಕಿ, ಕೆಳಗೆ ಸೊಟ್ಟ ಅಕ್ಷರದಲ್ಲಿ 'ಸ್ಟೇರಿಂಗು' ಎಂದು ಬರೆದು ಪಟ್ಟಿಯನ್ನು ಇವನತ್ತ ತಳ್ಳಿದ.

ದೇಶನೂರಿನಿಂದ ಹೆಂಡತಿ ಸುಂಕಲಮ್ಮನನ್ನು ಕರೆದುಕೊಂಡು ಅವನು ಬರುತ್ತಿರುವುದು ಹದಿನೈದು ದಿನದಲ್ಲಿ ಇದು ಮೂರನೆಯ ಸಲ. ಅಷ್ಟರಲ್ಲಿ ರ್‍ಯಾಮ್ ಬೆಲೆ ಎರಡು ಸಲ ಏರಿ, ಸುಶಮೀಂದ್ರ ಎರಡು ಸಲವೂ ಲೆಕ್ಕವನ್ನು ಮೊದಲಿನಿಂದ ಹಾಕಿದ್ದ. ಮೊದಲ ದಿನ, ಮಗ ಎಷ್ಟನೇ ಕ್ಲಾಸು ಎಂದು ಕೇಳಿದ್ದಕ್ಕೆ, ಮಗನಿಗಲ್ಲ ತನಗೇ ಎಂದಿದ್ದ ದೊಡ್ಡಬಸಪ್ಪ. ಸುಶಮೀಂದ್ರ ಅದನ್ನು ತಮಾಷೆ ಎಂದುಕೊಂಡಿದ್ದ. ತಮಾಷೆಯಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಭತ್ತ ಕೊಯ್ಯುವ ಮಿಷನ್ ಓಡಿಸಿದವನು ಅವನು. ಅಂಥದೇ ಮಿಷನ್ನನ್ನು ಮನೆಯಲ್ಲಿ ಕೂತು ಓಡಿಸುವ ಆಟವೊಂದಿದೆ ಎಂಬುದನ್ನು ಫೋನಿನಲ್ಲಿ ನೋಡಿದ್ದ. ಅದು ಬೇಕಾಗಿತ್ತು, ಅದೂ ಐವತ್ತು ಸಾವಿರದೊಳಗೆ.

ಪೆಡಲುಗಳ ಸಮೇತ ಸ್ಟೇರಿಂಗಿಗೇ ಒಂಬತ್ತು ಸಾವಿರ ಬೀಳುತ್ತಿತ್ತು. ಅದನ್ನು ಸೇರಿಸಿದರೆ ಕಾರ್ಡಿಗೆ ಜಾಗವಿಲ್ಲ. ಸ್ಟೇರಿಂಗಿನ ಕೆಲಸವನ್ನು ಕೀಬೋರ್ಡಿನ ನಾಲ್ಕು ಗುಂಡಿಗಳೇ ಮಾಡುತ್ತವೆ, ಬೇಕಾದರೆ ಬರುವ ವರ್ಷ ತಗೊಳ್ಳಿ ಎಂದು ಸುಶಮೀಂದ್ರ ಬಿಡಿಸಿ ಬಿಡಿಸಿ ಹೇಳಿದ. ದೊಡ್ಡಬಸಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಕೊನೆಗೆ ಮತ್ತೆ ಸ್ಟೇರಿಂಗು ಎಂದ.

"ಕಾರ್ಡ್ ಇಲ್ಲ ಅಂದ್ರ ಚಿತ್ರ ತಡವರಸ್ತದ್ರಿ. ಗಾಡಿ ಓಡೂದಿಲ್ಲ."

"ನಮ್ಮ ಮಿಷನ್ ಓಡಂಗಿಲ್ರಿ ಸರ. ಮೆಲ್ಲಕ ನಡೀತೈತಿ."

ದುಡ್ಡು ಉಳಿಸಲೆಂದು ಸುಶಮೀಂದ್ರ ಅಗ್ಗದ ಪವರ್ ಸಪ್ಲೈ ಬರೆದಿದ್ದ. ದೊಡ್ಡಬಸಪ್ಪ ಅದನ್ನೊಂದು ಕೈಯಲ್ಲಿ, ದುಬಾರಿಯದನ್ನು ಇನ್ನೊಂದು ಕೈಯಲ್ಲಿ ಎತ್ತಿ ತೂಗಿ ನೋಡಿ, ಅಗ್ಗದ್ದನ್ನು ವಾಪಸ್ಸು ಇಟ್ಟುಬಿಟ್ಟ. ತಮ್ಮೂರ ಕರೆಂಟು ಒಮ್ಮೆ ಮಿಣುಕುತ್ತದೆ, ಒಮ್ಮೆ ಬಲ್ಬು ಸುಡುತ್ತದೆ. ಇಂಜಿನ್ ಸಣ್ಣದಿದ್ದರೂ ನಡೆದೀತು, ವೈರಿಂಗು ಮಾತ್ರ ಗಟ್ಟಿ ಇರಬೇಕು ಎಂಬುದು ಅವನ ವಾದ. ಅವನು ಹೇಳಿದ್ದು ಸರಿಯಾಗಿದ್ದುದೇ ಸುಶಮೀಂದ್ರನನ್ನು ಇನ್ನಷ್ಟು ಕೆರಳಿಸಿತು. ಅಷ್ಟರಲ್ಲಿ ಪ್ರಿಂಟರ್ ಕೇಳಲು ಬಂದಿದ್ದ ಗಿರಾಕಿ ಕಾದು ಕಾದು ಎದ್ದುಹೋದ.

"ನಿಮ್ಮ ವಯಸ್ಸಿಗೆ ಇದೆಲ್ಲ ಯಾಕ ಬೇಕಾಗಿತ್ರಿ?" ಎಂದುಬಿಟ್ಟ ಸುಶಮೀಂದ್ರ. "ಆಟದ ಮಿಷನ್ ಯಾಕ, ಖರೇ ಮಿಷನ್ನೇ ಹೊಡೀಬಹುದಲ್ಲ?"

ದೊಡ್ಡಬಸಪ್ಪ ಪೆನ್ನಿನ ಮುಚ್ಚಳ ಹಾಕಿ, ಅದನ್ನು ಪಟ್ಟಿಯ ಮೇಲೆ ನೇರವಾಗಿ ಇಟ್ಟು, ನೀರು ಕುಡಿದು ಬರುವುದಾಗಿ ಹೇಳಿ ಹೊರಗೆ ಹೋದ. ಬೆಳಗಿನಿಂದ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ಸುಂಕಲಮ್ಮ ಆಗ ಬಾಯಿ ಬಿಟ್ಟಳು. ಮಿಷನ್ನಿನ ಸೀಟಿನ ಕುಲುಕಾಟಕ್ಕೆ ಗಂಡನ ಬೆನ್ನಿನ ಡಿಸ್ಕು ಜಾರಿ, ಎರಡು ವರ್ಷದ ಹಿಂದೆ ಇದೇ ಬಳ್ಳಾರಿಯಲ್ಲಿ ಆಪರೇಷನ್ ಆಗಿತ್ತು. ಮತ್ತೆ ಮಿಷನ್ ಹತ್ತಿದರೆ ಕಾಲಿನ ಬಲವೇ ಹೋಗುತ್ತದೆ ಎಂದಿದ್ದರು ಡಾಕ್ಟರು. ಅಂದಿನಿಂದ ಸುಗ್ಗಿ ಬಂದರೆ ಅವನು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಯಾರದೋ ಬದುವಿನ ಮೇಲೆ ನಿಂತು, ಬೇರೆಯವರು ಓಡಿಸುವ ಮಿಷನ್ನಿನ ಸದ್ದು ಕೇಳಿ, ಗೇರು ತಪ್ಪಾಗಿದೆ, ಪೈರು ಇನ್ನೂ ಹಸಿ ಇದೆ, ಕಾಳು ಹಿಂದೆ ಬೀಳುತ್ತಿದೆ ಎಂದು ಕೂಗಿ ಹೇಳುತ್ತಿದ್ದ. ಹೋದ ಸುಗ್ಗಿಯಲ್ಲಿ ಹೊಸ ಡ್ರೈವರೊಬ್ಬ ಕೆಳಗಿಳಿದು ಬಂದು, ಹತ್ತು ಮಂದಿಯ ಎದುರು ಅವನನ್ನು ಬದುವಿನಿಂದ ಅಟ್ಟಿದ್ದ.

"ಎಂಟು ದಿನ ಮಾತಾಡ್ಲಿಲ್ರಿ," ಎಂದಳು ಸುಂಕಲಮ್ಮ. "ಯಾರೂ ಬೈಯಲಾರದ ಜಾಗದಾಗ ಮಿಷನ್ ಹೊಡ್ಕೊಳ್ಲಿ ಬಿಡ್ರಿ."

ಸುಶಮೀಂದ್ರ ಹಳೆಯ ಪಟ್ಟಿಯನ್ನು ಮುದುರಿ ಬುಟ್ಟಿಗೆ ಎಸೆದ. ಹೊಸ ಹಾಳೆಯಲ್ಲಿ ಮೊದಲು ಸ್ಟೇರಿಂಗು ಬರೆದ. ಕಾರ್ಡಿಲ್ಲದೆಯೂ ಚಿತ್ರ ತೋರಿಸಬಲ್ಲ ಒಂದು ಪ್ರೊಸೆಸರ್, ಮುಂದೆಂದಾದರೂ ಕಾರ್ಡ್ ಹಾಕಿಕೊಳ್ಳಲು ಜಾಗವಿರುವ ಮದರ್‌ಬೋರ್ಡ್, ಗಟ್ಟಿ ಪವರ್ ಸಪ್ಲೈ, ಬಣ್ಣದ ದೀಪವಾಗಲಿ ಗಾಜಾಗಲಿ ಇಲ್ಲದ ತಗಡಿನ ಕ್ಯಾಬಿನೆಟ್, ಯಾವುದೋ ಆಫೀಸಿನಿಂದ ಬಂದ ಹಳೆಯ ಮಾನಿಟರ್. ಆದರೂ ಲೆಕ್ಕ ಸ್ವಲ್ಪ ಮೀರಿತು. ಜೋಡಿಸುವ ಕೂಲಿಯ ಸಾಲನ್ನು ಅವನು ಬರೆಯದೆ ಬಿಟ್ಟ. ಬಿಟ್ಟದ್ದಕ್ಕೆ ತನ್ನ ಮೇಲೇ ಸಿಡುಕಿಕೊಂಡು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ.

ಮೂರು ಗಂಟೆಯ ಹೊತ್ತಿಗೆ ಎಲ್ಲ ಮುಗಿದು, ಸ್ಟೇರಿಂಗು ಅಂಗಡಿಯ ಮೇಜಿನ ಅಂಚಿಗೆ ಬಿಗಿದು ಕೂತಿತು. ಅಷ್ಟರಲ್ಲಿ ಮರಳಿ ಬಂದು ಹೊಸ ಪಟ್ಟಿಗೆ ಒಪ್ಪಿದ್ದ ದೊಡ್ಡಬಸಪ್ಪ ಬೆನ್ನು ನೆಟ್ಟಗೆ ಮಾಡಿ ಕುರ್ಚಿಯಲ್ಲಿ ಕೂತ. ಚಪ್ಪಲಿ ಬಿಟ್ಟು ಬರಿಗಾಲನ್ನು ಪೆಡಲಿನ ಮೇಲೆ ಇಟ್ಟ. ಪರದೆಯ ಚಿತ್ರ ಒಮ್ಮೆ ತಡವರಿಸಿ, ಆಮೇಲೆ ಸ್ಪಷ್ಟವಾಯಿತು: ಎಳೆ ಬಿಸಿಲು, ಕಣ್ಣು ಹಾಯುವಷ್ಟು ಉದ್ದಕ್ಕೂ ಮಾಗಿದ ಪೈರು, ಅದರ ಅಂಚಿನಲ್ಲಿ ಗುಡುಗುಡು ಎನ್ನುವ ಮಿಷನ್. ಅವನು ಸ್ಟೇರಿಂಗು ಹಿಡಿದ, ಆದರೆ ಮುಂದೆ ಹೋಗಲಿಲ್ಲ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ತಿಳಿದಿಲ್ಲವೇನೋ ಎಂದು ಸುಶಮೀಂದ್ರ ಬಗ್ಗಿ, ಯಾವ ಪೆಡಲ್ ಒತ್ತಬೇಕೆಂದು ತೋರಿಸಿದ. ಆಮೇಲೂ ಅವನು ಹಾಗೆಯೇ ಕೂತಿದ್ದ.

"ಒತ್ರೀ ಯಜಮಾನ್ರ," ಎಂದ ಸುಶಮೀಂದ್ರ, ಉಳಿದಿದ್ದ ತಾಳ್ಮೆಯನ್ನೂ ಕಳೆದುಕೊಂಡು. "ಹೊರಡ್ತದ."

ದೊಡ್ಡಬಸಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ತಡೀರಿ ಸರ. ಈಗರ ಹೊತ್ತು ಮೂಡೈತಿ. ಇಬ್ಬನಿ ಆರ್ಲಿ."