ಒಂಬತ್ತು ಬಟನ್, ಒಬ್ಬರೇ ಓದುಗರು

ಒಂಬತ್ತು ನಲವತ್ತೆರಡಕ್ಕೆ ಸರಿಯಾಗಿ ಅವರು ಬಂದರು.

ಆಸ್ಗರ್ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ತಳ್ಳಿ ಫೋನಿನ ಮೇಲೆ ಬಾಗಿದ. ಭೇಟಿ: ಒಂದು. ಊರು: ಕೋಪನ್‌ಹೇಗನ್. ಒತ್ತಿದ ಬಟನ್: ‘ಮುಂದೇನು?’ ನಿನ್ನೆಯೂ ಇಷ್ಟೇ. ಮೊನ್ನೆಯೂ ಇಷ್ಟೇ.

“ಬಂದ್ರು,” ಎಂದ.

“ಕಾಫಿ ಕೊಡ್ಲಾ ಅವ್ರಿಗೆ?” ಎಂದಳು ಹೆಂಡತಿ ಗಿಟ್ಟೆ, ಸೈಕಲ್ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ. ಬಂದರಿನ ಟಿಕೆಟ್ ಕಚೇರಿಯಲ್ಲಿ ಅವಳ ಪಾಳಿ ಹತ್ತಕ್ಕೆ ಶುರು.

ಸ್ವೆನ್‌ಬೋರ್‌ನ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಭೌತಶಾಸ್ತ್ರ ಕಲಿಸಿದ ಆಸ್ಗರ್ ಆಗಸ್ಟಿನಿಂದ ಸಂಬಳವಿಲ್ಲದ ಒಂದು ವರ್ಷದ ರಜೆಯಲ್ಲಿದ್ದ. ಅವನ ಜಾಗಕ್ಕೆ ಶಾಲೆಯವರು ತಾತ್ಕಾಲಿಕವಾಗಿ ಯಾರನ್ನೋ ತೆಗೆದುಕೊಂಡಿದ್ದರು. ವಾಪಸ್ ಬರುತ್ತಾನೋ ಇಲ್ಲವೋ ಎಂಬುದನ್ನು ಏಪ್ರಿಲ್ ಒಂದರೊಳಗೆ ಅವನು ತಿಳಿಸಬೇಕಿತ್ತು. ರಜೆ ಹಾಕಿದ್ದು ತಣ್ಣೀರಿಗಾಗಿ. ಚಳಿಗಾಲದ ಸಮುದ್ರದಲ್ಲಿ ಮುಳುಗಿ ಏಳುವುದರಲ್ಲಿ ಒಂದು ಜೀವನದರ್ಶನವಿದೆ ಎಂದು ಅವನಿಗೆ ಹೊಳೆದಿತ್ತು. ಅವನು ನೀರಿಗಿಳಿಯುತ್ತಿದ್ದ ಕಡಲ ಕಟ್ಟೆಯಿಂದಲೇ ಎಂಬತ್ತು ದಾಟಿದ ಅಜ್ಜಿಯರು ಯಾವ ದರ್ಶನವೂ ಇಲ್ಲದೆ ದಿನಾ ಮುಳುಗೆದ್ದು, ಮೈ ಒರೆಸಿಕೊಂಡು, ಸೊಸೆಯರನ್ನು ಬೈಯುತ್ತ ಮನೆಗೆ ಹೋಗುತ್ತಿದ್ದರು. ಅವರಿಗೆ ಲಿಂಕ್ ಪುಟ ಇರಲಿಲ್ಲ.

ಆಸ್ಗರ್‌ಗೆ ಇತ್ತು. ಇನ್‌ಸ್ಟಾಗ್ರಾಂನಲ್ಲಿ ಹೆಸರಿನ ಕೆಳಗೆ ಒಂದು ಲಿಂಕ್ ಹಾಕುವುದು, ಅದನ್ನು ಒತ್ತಿದವರ ಮುಂದೆ ತನ್ನ ಸಮಸ್ತವನ್ನೂ ಸಾಲು ಬಟನ್‌ಗಳಾಗಿ ಹರಡುವುದು ಈಗ ಎಲ್ಲರ ಪದ್ಧತಿ. ಊರಿನ ಕ್ಷೌರಿಕನಿಗೆ ಒಂದು ಪುಟ, ಪಾದ್ರಿಗೆ ಒಂದು, ನಾಯಿ ಪಳಗಿಸುವವಳಿಗೆ ಎರಡು. ಆಸ್ಗರ್‌ನ ಪುಟದಲ್ಲಿ ಒಂಬತ್ತು ಬಟನ್‌ಗಳಿದ್ದವು. ‘ನನ್ನ ಧ್ವನಿ’ ಮತ್ತು ‘ನನ್ನ ಮೌನ’ ಎರಡೂ ಒಂದೇ ಧ್ವನಿಮುದ್ರಿಕೆಗೆ ಹೋಗುತ್ತಿದ್ದವು. ‘ನನ್ನ ಪುಸ್ತಕ’ ಎಲ್ಲಿಗೂ ಹೋಗುತ್ತಿರಲಿಲ್ಲ. ಕೊನೆಯದು ‘ಮುಂದೇನು?’ ಅದರೊಳಗೆ ಒಂದೇ ಸಾಲು: ‘ಶಾಲೆಯೋ, ಸಮುದ್ರವೋ? ನೋಡೋಣ.’

ಕೋಪನ್‌ಹೇಗನ್ನಿನ ಪ್ರಕಾಶಕರೊಬ್ಬರಿಗೆ ತನ್ನ ತಣ್ಣೀರಿನ ಪುಸ್ತಕದ ಬಗ್ಗೆ ಅವನು ಬರೆದಿದ್ದ. ಸೆಪ್ಟೆಂಬರಿನಲ್ಲಿ ಎರಡು ಸಾಲಿನ ಉತ್ತರ ಬಂತು. ಧನ್ಯವಾದ, ನಿಮ್ಮ ಪುಟದ ಮೇಲೆ ಕಣ್ಣಿಟ್ಟಿರುತ್ತೇವೆ. ಮರುವಾರದಿಂದಲೇ ಈ ಭೇಟಿ ಶುರುವಾಯಿತು.

ಆಸ್ಗರ್ ವಿಜ್ಞಾನದವನು. ಪುರಾವೆಯಿಲ್ಲದೆ ನಂಬುವವನಲ್ಲ. ಗ್ರಾಫ್ ಹಾಳೆ ತೆಗೆದು ಬಿಂದುಗಳನ್ನು ಗುರುತಿಸಿದ. ಶನಿವಾರ, ಭಾನುವಾರ ಭೇಟಿಯಿಲ್ಲ: ಕಚೇರಿಯ ಶಿಸ್ತು. ಅಕ್ಟೋಬರ್ ನಡುವೆ ಒಂದು ವಾರ ಸೊನ್ನೆ: ಜರ್ಮನಿಯ ಪುಸ್ತಕ ಮೇಳ. ಫೆಬ್ರುವರಿಯಲ್ಲಿ ಒಂದು ವಾರ ಸೊನ್ನೆ: ಹಿಮದಲ್ಲಿ ಜಾರಲು ನಾರ್ವೆಗೆ ಹೋಗಿರಬೇಕು. ಒಂಬತ್ತು ನಲವತ್ತೆರಡು: ಸಂಪಾದಕರ ಮೊದಲ ಕಾಫಿ. ಪ್ರತಿಯೊಂದು ಬಿಂದುವೂ ಗೆರೆಯ ಮೇಲೇ ಕೂತಿತು. ಗೆರೆ ಎಳೆದವನೂ ಅವನೇ.

“ಆರು ತಿಂಗ್ಳಿಗೆ ಒಬ್ರು,” ಎಂದಳು ಗಿಟ್ಟೆ ಮಾರ್ಚಿಯಲ್ಲಿ.

“ಸಾವಿರ ಜನ ಇಣುಕಿ ಹೋಗೋದಕ್ಕಿಂತ ಒಬ್ರು ಬಿಡದೆ ಬರೋದು ಮೇಲು.”

“ಬಿಡದೆ ಬರೋದು ನಿನ್ ನೆಗಡಿ ಮಾರಾಯ.” ಆಮೇಲೆ ಅವಳ ದನಿ ತಗ್ಗಿತು. “ಆ ಕೆಲ್ಸ ಮಾತ್ರ ಬಿಡ್ಬೇಡ ಆಸ್ಗರ್. ನನ್ನೊಬ್ಬಳ ದುಡಿಮೇಲಿ ಈ ಮನೆ ಉಳಿಯಲ್ಲ.”

ಅವನಿಗೂ ಅದು ಗೊತ್ತಿತ್ತು. ಆದರೆ ಮಾರ್ಚಿಯಲ್ಲಿ ಭೇಟಿ ದಿನಕ್ಕೆ ಎರಡಾಯಿತು, ತಿಂಗಳ ಕೊನೆಗೆ ಮೂರಾಯಿತು. ಪ್ರತಿ ಸಲವೂ ಅದೇ ಬಟನ್. ಅತ್ತ ಕಡೆಯವರ ಚಡಪಡಿಕೆ ಇವನ ಬೆರಳಿಗೆ ತಾಗುವಂತಿತ್ತು. ಎರಡು ದೋಣಿಯಲ್ಲಿ ಕಾಲಿಟ್ಟವನ ಪುಸ್ತಕವನ್ನು ಯಾವ ಪ್ರಕಾಶಕ ತಾನೇ ಅಚ್ಚು ಹಾಕುತ್ತಾನೆ? ಪಾಪ, ಅವರು ಕಾಯುತ್ತಿದ್ದಾರೆ. ತಾನೇ ಸತಾಯಿಸುತ್ತಿದ್ದೇನೆ.

ಮೂವತ್ತನೇ ತಾರೀಕು ಮಧ್ಯಾಹ್ನ ಅವನು ರಾಜೀನಾಮೆ ಕಳಿಸಿದ. ‘ಮುಂದೇನು?’ ಒಳಗಿನ ಸಾಲನ್ನು ಅಳಿಸಿ ಹೊಸದು ಬರೆದ: ‘ಕೆಲಸ ಬಿಟ್ಟೆ. ಇನ್ನು ಶಾಲೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.’

ಒಂದೇ ಗಂಟೆಯಲ್ಲಿ ಅವರು ನಾಲ್ಕು ಸಲ ಬಂದರು. ನಾಲ್ಕನೇ ಸಲ ಹೃದಯದ ಚಿತ್ರ ಒತ್ತಿದರು. ಏಳು ತಿಂಗಳಲ್ಲಿ ಅದು ಮೊದಲ ಹೃದಯ. ಆಸ್ಗರ್ ವೈನ್ ಬಾಟಲಿ ತೆಗೆದ. ಗಿಟ್ಟೆ ಲೋಟ ಮುಟ್ಟಲಿಲ್ಲ.

ಮರುದಿನ ಒಂಬತ್ತು ನಲವತ್ತೆರಡಕ್ಕೆ ಸೊನ್ನೆ. ಹತ್ತಕ್ಕೆ ಸೊನ್ನೆ. ಒಪ್ಪಂದದ ಕಾಗದ ಸಿದ್ಧ ಮಾಡುತ್ತಿರಬೇಕು ಎಂದುಕೊಂಡ. ಈಸ್ಟರ್ ಬಂತು, ಹೋಯಿತು. ಸೊನ್ನೆ ಕದಲಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಪ್ರಕಾಶಕರಿಗೆ ಬರೆದ. ಅವರ ಉತ್ತರ ಈ ಸಲ ಒಂದೇ ಸಾಲು: ಕ್ಷಮಿಸಿ, ಯಾವ ಪುಟ?

ಪ್ರಯೋಗಾಲಯದ ಬೀಗದ ಕೈ ಹಿಂದಿರುಗಿಸಿ ಎಂದು ಶಾಲೆಯಿಂದ ಪತ್ರ ಬಂದಿತ್ತು. ಕೆಲಸ ಮರಳಿ ಸಿಕ್ಕೀತೇ ಎಂದು ಕೇಳುವ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಹೋದ. ಅವನ ಮೇಜಿನ ಹಿಂದೆ ಮೂವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು. ಹೆಸರು ಸಿಗ್ನೆ ಎಂದಳು. ಈವರೆಗೆ ತಾತ್ಕಾಲಿಕ, ಹೋದ ವಾರದಿಂದ ಕಾಯಂ. ಎದ್ದು ಬಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಗಳನ್ನು ಈ ಊರಿನ ಶಾಲೆಗೆ ಸೇರಿಸಿದ್ದಾಳಂತೆ. ಇಲ್ಲೇ ಇರುತ್ತೇವೋ ಹೊರಡಬೇಕೋ ತಿಳಿಯದೆ ಇಡೀ ವರ್ಷ ಪೆಟ್ಟಿಗೆಗಳನ್ನು ಬಿಚ್ಚದೆ ಇಟ್ಟಿದ್ದಳಂತೆ. ಆಸ್ಗರ್ ಬೀಗದ ಕೈಗಳನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟ. ಶಾಲೆಯ ಇಂಟರ್ನೆಟ್ ರಾಜಧಾನಿಯ ಮೂಲಕ ಬರುತ್ತಿದ್ದುದರಿಂದ ಪರದೆಯ ಮೂಲೆಯಲ್ಲಿ, ಅವನ ಕಾಲದಲ್ಲಿ ಇದ್ದ ಹಾಗೆಯೇ, ಸ್ವೆನ್‌ಬೋರ್‌ನ ಬದಲು ಕೋಪನ್‌ಹೇಗನ್ನಿನ ಹವಾಮಾನ ಕಾಣಿಸುತ್ತಿತ್ತು.

“ನಿಮ್ಮನ್ನೇ ಕೇಳೋಕೆ ಸಂಕೋಚ ಆಯ್ತು,” ಎಂದಳು ಸಿಗ್ನೆ. “ಅದಕ್ಕೇ ಶಾಲೆ ರಜೆ ಬಿಟ್ಟು ದಿನಾ ಮೊದಲ್ನೇ ಪಾಠ ಮುಗ್ದು ಬಿಡುವು ಸಿಕ್ಕ ತಕ್ಷಣ ಇಲ್ಲೇ ಕೂತು ನಿಮ್ಮ ಪುಟ ನೋಡ್ತಿದ್ದೆ, ನೀವು ವಾಪಸ್ ಬರಲ್ಲ ಅಂತ ಬರೆಯೋ ತನಕ.”